ಅಮ್ಮ ತೆಳ್ಳಗಾಗಿದ್ದ ದಿನಗಳು

ಕಿವಿ ನೋವೆಂದು ಹೋದರೂ ನಮ್ಮ ಡಾಕ್ಟರು ತೂಕ ಇಳಿಸಿಕೊಳ್ಳಿ ಎನ್ನುತ್ತಾರೆ. ಬಣ್ಣ ಹಚ್ಚಿ ಹೇಳುತ್ತಿಲ್ಲ, ಹೋದ ವಾರ ನಡೆದದ್ದೇ ಇದು. ಬಲಗಿವಿಯಲ್ಲಿ ಗುಂಯ್ ಎನ್ನುವ ಸದ್ದು, ಎರಡು ದಿನದಿಂದ ತಲೆ ಎತ್ತಲಾಗುತ್ತಿರಲಿಲ್ಲ. ಕಲ್ಕತ್ತದ ಜಾದವ್‌ಪುರದ ಬಸ್‌ಸ್ಟಾಪಿನ ಹಿಂದಿರುವ ಕ್ಲಿನಿಕ್ಕಿನಲ್ಲಿ ಒಂದೂವರೆ ಗಂಟೆ ಕಾದು ಒಳಗೆ ಹೋದರೆ, ನನ್ನ ಮಗನಾಗುವ ವಯಸ್ಸಿನ ಆ ಡಾಕ್ಟರು ಕಿವಿಯೊಳಗೆ ಬೆಳಕು ಬಿಡುವ ಮುನ್ನವೇ ನನ್ನನ್ನು ಮೂಲೆಯಲ್ಲಿದ್ದ ತೂಕದ ಯಂತ್ರ ಹತ್ತಿಸಿದರು. ಮುಳ್ಳು ನಿಂತ ಜಾಗ ನೋಡಿ ನಾಲಿಗೆಯಲ್ಲಿ ಚ್‌ಚ್ ಎಂದರು. ಕಿವಿಗೂ ಸೊಂಟಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಿದೆ. ಈ ವಯಸ್ಸಿನ ಹೆಂಗಸರಿಗೆ ಎಲ್ಲದಕ್ಕೂ ಸಂಬಂಧ ಇರುತ್ತದೆ ಎಂದರು. ಐವತ್ತೆಂಟು ವರ್ಷ ತುಂಬಿದೆ ನನಗೆ, ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದ್ದೇನೆ, ಆದರೂ ಆ ಚ್‌ಚ್ ಸದ್ದಿಗೆ ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿದೆ. ಸಿಟ್ಟಿನಲ್ಲಿ ಆಟೋ ಹತ್ತದೆ ನಡೆದೇ ಮನೆಗೆ ಬಂದೆ. ಬೇಕಾದರೆ ಅದನ್ನೇ ವ್ಯಾಯಾಮ ಎಂದು ಅವರು ಬರೆದುಕೊಳ್ಳಲಿ.

ಮನೆಗೆ ಬಂದು ಊಟಕ್ಕೆ ಕುಳಿತವಳು ಅನ್ನದ ಸೌಟನ್ನು ಅರ್ಧಕ್ಕೇ ನಿಲ್ಲಿಸಿದೆ. ಆಗ ಇನ್ನೂ ಸಿಟ್ಟು ಬಂತು, ಈ ಸಲ ನನ್ನ ಮೇಲೆಯೇ. ಯಾಕೆಂದರೆ ಸೌಟನ್ನು ಹಾಗೆ ನಿಲ್ಲಿಸುವುದನ್ನು ನನಗೆ ಯಾವ ಡಾಕ್ಟರೂ ಕಲಿಸಿದ್ದಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಇದೇ ಜಾದವ್‌ಪುರದ ಒಂದು ಬಾಡಿಗೆ ಮನೆಯಲ್ಲಿ, ಅಮ್ಮನಿಂದ ಕಲಿತದ್ದು. ಅಮ್ಮ ನನಗೆ ಕಲಿಸಿದ್ದನ್ನು ಇಷ್ಟು ವರ್ಷ ಎಲ್ಲರ ಹತ್ತಿರವೂ ದೂರುತ್ತ ಬಂದಿದ್ದೇನೆ. ನಾನು ಅಮ್ಮನಿಗೆ ಏನು ಮಾಡಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಉಡುಪಿ ಕಡೆಯ ಶಾಖೆಯಿಂದ ಅವರಿಗೆ ಕಲ್ಕತ್ತಕ್ಕೆ ವರ್ಗವಾದಾಗ ನಾವು ಮೂವರೂ ಬಂದು ಇಳಿದದ್ದು ಮೇಲ್ಮಹಡಿಯ ಎರಡು ಕೋಣೆಗಳ ಮನೆಗೆ. ಕೆಂಪು ನೆಲ, ಹಸಿರು ಬಣ್ಣದ ಪಟ್ಟಿ ಪಟ್ಟಿಯ ಮರದ ಕಿಟಕಿಗಳು, ಕಿಟಕಿಯೇ ಇಲ್ಲದ ಅಡುಗೆಮನೆ. ಸ್ವಲ್ಪ ದೂರದಲ್ಲಿ ಲೋಕಲ್ ರೈಲು ಹೋದಾಗಲೆಲ್ಲ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಮಲಗುವ ಕೋಣೆಯಲ್ಲಿ ಮನೆಯ ಮಾಲೀಕರೇ ಬಿಟ್ಟಿದ್ದ ಒಂದು ಕಪಾಟು ಇತ್ತು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಊರಿನ ಮನೆಯಲ್ಲಿ ನಮಗಿದ್ದದ್ದು ಅಂಗೈಯಗಲದ ಕನ್ನಡಿ. ಕಂಬದ ಮೊಳೆಗೆ ತೂಗುಹಾಕಿದ್ದ ಅದರಲ್ಲಿ ಕುಂಕುಮ ಇಡುವಷ್ಟು ಹಣೆ ಕಂಡರೆ ಹೆಚ್ಚು. ಹಾಗಾಗಿ ಅಮ್ಮ ತನ್ನನ್ನು ತಾನು ಅಡಿಯಿಂದ ಮುಡಿಯವರೆಗೆ ನೋಡಿಕೊಂಡದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಕಲ್ಕತ್ತಕ್ಕೆ ಬಂದ ಮೇಲೆ. ಮೊದಲ ದಿನ ಸೀರೆಯ ನೆರಿಗೆ ಹಿಡಿಯುತ್ತ ಅದರ ಮುಂದೆ ನಿಂತವಳು, ನೆರಿಗೆ ಕೈಯಲ್ಲೇ ಇರುವಾಗ, ಇದು ನಾನಾ ಎಂದು ಮೆಲ್ಲಗೆ ಕೇಳಿಕೊಂಡದ್ದು ನನಗೆ ನೆನಪಿದೆ. ಆಮೇಲೆ ಆ ಕನ್ನಡಿಗೆ ಮೈ ಒರೆಸುವ ಒಂದು ಹಳೆಯ ಬೈರಾಸು ಇಳಿಬಿಟ್ಟಳು. ಅಪ್ಪ ಶೇವ್ ಮಾಡುವಾಗ ಮಾತ್ರ ಅದು ಸರಿಯುತ್ತಿತ್ತು.

ಬೈರಾಸು ಹಾಕಿ ಸುಮ್ಮನಾಗಬಹುದಿತ್ತೋ ಏನೋ. ಆದರೆ ನಾವು ಬಂದ ಮೊದಲ ಚಳಿಗಾಲದಲ್ಲಿ ಬ್ಯಾಂಕಿನವರೆಲ್ಲ ಜೋಕಾ ಕಡೆಯ ಒಂದು ತೋಟದ ಮನೆಗೆ ಪಿಕ್‌ನಿಕ್ ಹೋದರು. ಅಮ್ಮ ಬೆಳಗಿನ ಜಾವ ಎದ್ದು ದೊಡ್ಡ ಡಬ್ಬಿ ತುಂಬ ಗೋಳಿಬಜೆ ಕರಿದು ತಂದಿದ್ದಳು. ಹೊಸದಾಗಿ ಸೇರಿದ್ದ ಗುಮಾಸ್ತರೊಬ್ಬರು ಬಹಳ ಮರ್ಯಾದೆಯಿಂದ ಅವಳಿಗೊಂದು ಕುರ್ಚಿ ತಂದುಕೊಟ್ಟು, ಅಪ್ಪನ ಕಡೆ ತಿರುಗಿ, ದಿದಿಯೂ ನಿಮ್ಮ ಜೊತೆಯಲ್ಲೇ ಇರುತ್ತಾರಾ ಸರ್ ಎಂದು ಹಿಂದಿಯಲ್ಲಿ ಕೇಳಿದರು. ದಿದಿ ಎಂದರೆ ಅಕ್ಕ ಎಂಬಷ್ಟು ಅಮ್ಮನಿಗೂ ಗೊತ್ತಿತ್ತು. ಅಪ್ಪ ಅವಳಿಗಿಂತ ನಾಲ್ಕು ವರ್ಷ ದೊಡ್ಡವರು. ಎಷ್ಟು ತಿಂದರೂ ಮೈಗೆ ಹತ್ತದ ಕಡ್ಡಿ ಮೈ. ಅಪ್ಪ ತಿದ್ದಬಹುದಿತ್ತು. ತಿದ್ದಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೇ ಆಗಿದ್ದರೂ ಸರಿ. ಊರಿನಿಂದ ಯಾರೇ ನೆಂಟರು ಬಂದರೂ ಕಾಫಿ ಲೋಟ ಕೈಗೆ ಬರುವ ಮೊದಲು ಆ ಕತೆ ಹೇಳುತ್ತಿದ್ದರು. ಅಜ್ಜನಿಗೆ ಬರೆದ ಕಾಗದದಲ್ಲೂ ಬರೆದರು. ಅಮ್ಮ ಒಂದು ಸಲವೂ ಜಗಳ ಮಾಡಲಿಲ್ಲ. ನಿಮಗೆ ನಗು ಬರ್ತದೆ ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಅಪ್ಪ ಕೆಟ್ಟವರಲ್ಲ, ಆದರೆ ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಮ್ಮನ ಕಾಲದ ಹೆಂಗಸು ನಾನು ಸಣ್ಣಗಾಗಬೇಕು ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹಾಗೆ ಹೇಳಿದರೆ ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಎಂದು ಯಾರಾದರೂ ಕೇಳುತ್ತಿದ್ದರು. ಆದರೆ ದೇವರ ಹೆಸರಿನಲ್ಲಿ ಊಟ ಬಿಟ್ಟರೆ ಯಾರೂ ಏನೂ ಅನ್ನುವಂತಿರಲಿಲ್ಲ. ನಮ್ಮಲ್ಲಿ ಏಕಾದಶಿ ಮೊದಲಿನಿಂದಲೂ ಇತ್ತು. ಅದಕ್ಕೆ ಶನಿವಾರದ ಒಪ್ಪತ್ತು ಸೇರಿತು, ಆಮೇಲೆ ಸೋಮವಾರ, ಆಮೇಲೆ ಸಂಕಷ್ಟಿ, ಕೊನೆಗೆ ಗುರುವಾರ. ಇಷ್ಟೆಲ್ಲ ಭಕ್ತಿ ಎಲ್ಲಿಂದ ಬಂತು ಎಂದು ಅಪ್ಪನಿಗೆ ಆಶ್ಚರ್ಯ. ತೊಂದರೆ ಏನೆಂದರೆ, ಒಪ್ಪತ್ತು ಎಂದರೆ ಒಂದು ಹೊತ್ತು ಅನ್ನ ಬಿಡುವುದು ಮಾತ್ರ. ಅನ್ನದ ಬದಲಿಗೆ ಫಲಾರ ಉಂಟಲ್ಲ. ಹೆಸರು ಫಲಾಹಾರ, ಆದರೆ ನಮ್ಮ ಕಡೆಯ ಫಲಾರದಲ್ಲಿ ಹಣ್ಣು ಹುಡುಕಿದರೂ ಸಿಗುವುದಿಲ್ಲ. ತುಪ್ಪ ಹಾಕಿದ ಸಜ್ಜಿಗೆ, ಬೆಲ್ಲ ತೆಂಗಿನಕಾಯಿ ಕಲಸಿದ ಅವಲಕ್ಕಿ, ದೋಸೆ, ಕೆಲವೊಮ್ಮೆ ಬನ್ಸ್. ಎರಡು ತಿಂಗಳು ಹೀಗೆ ವ್ರತ ಮಾಡಿ ಅಮ್ಮ ಇನ್ನೂ ದಪ್ಪಗಾದಳು. ಉಪವಾಸದ ದಿನವೇ ಈ ಮನೆಯಲ್ಲಿ ಒಳ್ಳೆಯ ತಿಂಡಿ ಸಿಗುವುದು ಎಂದು ಅಪ್ಪ ಚಪ್ಪರಿಸಿ ತಿನ್ನುತ್ತಿದ್ದರು. ಬೇಸಿಗೆ ಶುರುವಾಗುವ ಹೊತ್ತಿಗೆ ಅಮ್ಮ ಫಲಾರವನ್ನೂ ಬಿಟ್ಟಳು. ನಮಗೆ ಮಾಡಿ ಬಡಿಸಿ, ತಾನು ಒಂದು ಚೊಂಬು ನೀರುಮಜ್ಜಿಗೆ ಕುಡಿದು, ಅಡುಗೆಮನೆಯ ನೆಲದ ಮೇಲೆ ಸೆರಗು ಹಾಸಿ ಮಲಗುತ್ತಿದ್ದಳು.

ಹಸಿದ ಮನುಷ್ಯರ ಜೊತೆ ಒಂದೇ ಮನೆಯಲ್ಲಿ ಇದ್ದವರಿಗೆ ನಾನು ಹೇಳುವುದು ಅರ್ಥವಾದೀತು. ಆ ಬೇಸಿಗೆಯಲ್ಲಿ ಅಮ್ಮ ಬಾಗಿಲು ಹಾಕಿದರೂ ಜೋರು, ಪಾತ್ರೆ ಇಟ್ಟರೂ ಜೋರು. ತನ್ನ ತಟ್ಟೆಯನ್ನು ಖಾಲಿ ಇಟ್ಟುಕೊಂಡವಳ ಕಣ್ಣೆಲ್ಲ ನನ್ನ ತಟ್ಟೆಯ ಮೇಲೆ ಬಿತ್ತು. ನಾನು ಆಗಷ್ಟೇ ಮೈ ತುಂಬಿಕೊಳ್ಳುತ್ತಿದ್ದ ಹುಡುಗಿ. ಎರಡನೆಯ ಸಲ ಅನ್ನ ಕೇಳಿದರೆ ಸೌಟು ಅರ್ಧಕ್ಕೇ ನಿಲ್ಲುತ್ತಿತ್ತು. ಸಾಕು, ಆಮೇಲೆ ನನ್ನ ಹಾಗೆ ಆದರೆ ಅಳಬೇಕಾಗ್ತದೆ ಎನ್ನುತ್ತಿದ್ದಳು. ಅಪ್ಪನಿಗೆ ಮಾತ್ರ ಮೂರು ಸಲ ಬಡಿಸುತ್ತಿದ್ದಳು. ಅದು ಹೋಗಲಿ ಎಂದರೆ, ಇದನ್ನೆಲ್ಲ ನಾನು ನನ್ನದೇ ಬಾಯಿಯಿಂದ ಬಂಗಾಳಿಯಲ್ಲಿ ಕೂಡ ಹೇಳಬೇಕಾಗಿತ್ತು.

ಅದು ಹೇಗೆಂದರೆ, ಕೆಳಗಿನ ಮನೆಯಲ್ಲಿ ಮಾಲೀಕರ ಹೆಂಡತಿ ಇದ್ದರು. ನಾನು ಅವರನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅರವತ್ತರ ಹತ್ತಿರದವರು, ಅಮ್ಮನಿಗಿಂತ ದುಪ್ಪಟ್ಟು ಮೈ. ಆದರೆ ಆ ಮೈಯ ಬಗ್ಗೆ ಅವರಿಗೆ ಯಾವ ಚಿಂತೆಯೂ ಇದ್ದ ಹಾಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನ ನಾಲ್ಕಾದರೆ ಮೆಟ್ಟಿಲ ಬುಡದಲ್ಲಿ ಮಣೆ ಹಾಕಿ, ಪಕ್ಕದ ಮನೆಯ ಇಬ್ಬರು ಹೆಂಗಸರ ಜೊತೆ ಎಲೆಯಡಿಕೆ ಜಗಿಯುತ್ತ ಕೂರುತ್ತಿದ್ದರು. ಅಮ್ಮನಿಗೆ ಈ ಊರಿನಲ್ಲಿ ಇದ್ದ ಸ್ನೇಹ ಅದೊಂದೇ. ಅವಳಿಗೆ ಬಂಗಾಳಿ ಬಾರದು, ಮಾಶಿಮಾಗೆ ಹಿಂದಿ ಅಷ್ಟಕ್ಕಷ್ಟೇ. ಶಾಲೆಯಲ್ಲೂ ಓಣಿಯಲ್ಲೂ ಒಂದೇ ವರ್ಷದಲ್ಲಿ ಬಂಗಾಳಿ ಕಲಿತಿದ್ದ ನಾನು ನಡುವೆ ಕೂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ದಾಟಿಸಬೇಕು. ಪುಸ್ತಕ ಹಿಡಿದು ಕೂತಿದ್ದರೂ ಅಮ್ಮ ಬಾರೇ ಎಂದು ಎಳೆದುಕೊಂಡೇ ಹೋಗುತ್ತಿದ್ದಳು. ಒಂದು ದಿನ ಅಮ್ಮ ನನ್ನ ತೋಳು ಹಿಡಿದು ಅವರ ಮುಂದೆ ತಿರುಗಿಸಿ ನಿಲ್ಲಿಸಿದಳು.

"ಇವಳೂ ನನ್ನ ಹಾಗೇ ದಪ್ಪ ಆಗ್ತಾಳೆ, ಈಗಲೇ ಕಾಣ್ತದೆ ಅಂತ ಹೇಳು ಅವರಿಗೆ."

ನಾನು ಹೇಳುವುದಿಲ್ಲ ಎಂದೆ. ಹೇಳು ಮಾರಾಯ್ತಿ, ಇದರಲ್ಲಿ ಎಂತ ಉಂಟು ಎಂದು ತೋಳು ಅಲ್ಲಾಡಿಸಿದಳು. ಮೂವರು ಹೆಂಗಸರೂ ನನ್ನ ಬಾಯಿ ನೋಡುತ್ತ ಕಾದಿದ್ದರು. ಕೊನೆಗೆ ಹೇಳಿದೆ: ಅಮ್ಮ ಹೇಳ್ತಿದ್ದಾಳೆ, ನಾನು ಅಮ್ಮನ ಹಾಗೆ ಮೋಟಾ ಆಗ್ತೇನಂತೆ. ಬಂಗಾಳಿಯಲ್ಲೂ ಹಿಂದಿಯಲ್ಲೂ ಮೋಟಾ ಒಂದೇ. ಹೆಂಗಸರು ನಕ್ಕರು, ಒಬ್ಬರು ನನ್ನ ಸೊಂಟ ಚಿವುಟಿದರು. ಅಮ್ಮನೂ ನಕ್ಕಳು. ಅಪ್ಪನ ನಗುವಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು ನನ್ನ ವಿಷಯಕ್ಕೆ ಅವರ ಜೊತೆ ಸೇರಿ ನಕ್ಕದ್ದು ನನಗೆ ಸಹಿಸಲಾಗಲಿಲ್ಲ. ಆವತ್ತು ನಾನು ಊಟ ಬಿಟ್ಟೆ. ಏಕಾದಶಿಯಾ ಎಂದು ಅಪ್ಪ ತಮಾಷೆ ಮಾಡಿದರು.

ಜೂನ್ ಹೊತ್ತಿಗೆ ಅಮ್ಮ ನಿಜಕ್ಕೂ ಇಳಿದಳು. ಕುತ್ತಿಗೆಯ ಮೂಳೆ ಕಂಡಿತು, ಬಳೆ ಮೊಣಕೈವರೆಗೆ ಸರಿಯಿತು. ಓಣಿಯ ಮೂಲೆಯ ದರ್ಜಿಯ ಹತ್ತಿರ ನಾಲ್ಕು ರವಿಕೆಗಳನ್ನು ಕೊಟ್ಟು ಹೊಲಿಗೆ ಒಳಗೆ ಹಾಕಿಸಿಕೊಂಡು ಬಂದಳು. ಕನ್ನಡಿಯ ಬೈರಾಸು ತೆಗೆದು ಒಗೆಯಲು ಹಾಕಿದಳು. ಒಂದು ಭಾನುವಾರ ಪೆಟ್ಟಿಗೆಯ ತಳದಿಂದ, ಮದುವೆಯಾದ ಹೊಸತರಲ್ಲಿ ಉಡುತ್ತಿದ್ದ ಕಡುಹಸಿರು ರೇಷ್ಮೆ ಸೀರೆಯನ್ನು, ಅದರದೇ ರವಿಕೆಯ ಜೊತೆ ತೆಗೆದಳು. ಕೊಕ್ಕೆಗಳು ಒಂದೊಂದಾಗಿ ಕೂತವು. ಕೊನೆಯ ಕೊಕ್ಕೆ ಕೂತಾಗ ಅವಳು ಉಸಿರು ಬಿಟ್ಟ ಸದ್ದು ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನನಗೂ ಕೇಳಿತು. ಅದೇ ಸೀರೆಯಲ್ಲಿ ಅಪ್ಪನಿಗೆ ಬಡಿಸಿದಳು. ಹುಳಿಗೆ ಉಪ್ಪು ಕಮ್ಮಿ ಎಂದರು ಅಪ್ಪ. ಅವಳು ಉಪ್ಪು ತಂದಿಟ್ಟು, ಸ್ವಲ್ಪ ಹೊತ್ತು ಅಲ್ಲೇ ನಿಂತು, ನನ್ನ ಕಡೆ ತಿರುಗಿದಳು. ನಾನು ತಟ್ಟೆ ನೋಡುತ್ತ ಉಂಡೆ. ಆರು ತಿಂಗಳು ಹೊಟ್ಟೆ ಕಟ್ಟಿದವಳಿಗೆ ಯಾರಾದರೂ ಒಬ್ಬರು, ಒಂದು ಸಲ, ಚೆಂದ ಕಾಣ್ತೀ ಎನ್ನಬೇಕಾಗಿತ್ತು. ಬೇರೆ ಏನೂ ಬೇಕಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು, ಗೊತ್ತಿಲ್ಲದ ಮಗುವೇನೂ ಆಗಿರಲಿಲ್ಲ ನಾನು.

ನಾಲ್ಕು ಗಂಟೆಗೆ ಅಮ್ಮ ಅದೇ ಸೀರೆಯಲ್ಲಿ ನನ್ನನ್ನು ಕರೆದುಕೊಂಡು ಕೆಳಗೆ ಹೊರಟಳು. ಯಾವತ್ತೂ ಮೆಟ್ಟಿಲ ಕಂಬಿ ಹಿಡಿದು ಇಳಿಯುವವಳು ಆವತ್ತು ಹಿಡಿಯಲಿಲ್ಲ. ಮಾಶಿಮಾ ತಲೆಯೆತ್ತಿ ನೋಡಿದರು, ಬಾಯಲ್ಲಿದ್ದ ಎಲೆಯಡಿಕೆಯನ್ನು ಕೆನ್ನೆಯ ಒಂದು ಬದಿಗೆ ತಳ್ಳಿದರು, ಎರಡೂ ಕೈ ಎತ್ತಿದರು.

"ಓ ಮಾ, ಕತೋ ರೋಗಾ ಹೊಯೇ ಗ್ಯಾಛೋ. ದಾರುಣ್ ಲಾಗ್‌ಛೆ."

ಬಂಗಾಳಿಯಲ್ಲಿ ರೋಗಾ ಎಂದರೆ ತೆಳ್ಳಗೆ. ದಾರುಣ್ ಎಂದರೆ ಬಹಳ ಚೆಂದ, ಅದ್ಭುತ. ಎಷ್ಟು ತೆಳ್ಳಗಾಗಿದ್ದೀ ಮಾರಾಯ್ತಿ, ಎಷ್ಟು ಚೆಂದ ಕಾಣ್ತಿದ್ದೀ ಎಂದು ಅವರು ಹೇಳಿದ್ದು. ಅಮ್ಮನಿಗೆ ಕೇಳಿಸಿದ್ದು ರೋಗ ಮತ್ತು ದಾರುಣ. ಅವಳ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಅವಳ ಅಮ್ಮ, ಅಂದರೆ ನನ್ನ ಅಜ್ಜಿ, ಹೊಟ್ಟೆಯ ಕಾಯಿಲೆಯಲ್ಲಿ ದಿನದಿಂದ ದಿನಕ್ಕೆ ಸವೆದು ಸತ್ತವರು. ಹಾಸಿಗೆಯಲ್ಲಿ ಅವರನ್ನು ಎತ್ತಿ ಕೂರಿಸುತ್ತಿದ್ದದ್ದು ಅಮ್ಮನೇ. ಅವಳು ನನ್ನ ಭುಜ ಹಿಡಿದಳು.

"ಅವರು ಎಂತ ಹೇಳಿದ್ದು? ರೋಗ ಅಂದ್ರಲ್ವಾ?"

"ಹೌದು," ಎಂದೆ. "ರೋಗಾ ಅಂತಲೇ ಹೇಳಿದ್ದು."

"ದಾರುಣ ಅಂತಲೂ ಹೇಳಿದ್ರಾ?"

"ಹೌದು. ಅದನ್ನೂ ಹೇಳಿದ್ರು."

ಒಂದಕ್ಷರವೂ ಸುಳ್ಳಲ್ಲ ಎಂದು ಆ ಕ್ಷಣದಲ್ಲೇ ನಾನು ನನಗೆ ಹೇಳಿಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡೆ. ಹದಿಮೂರು ವರ್ಷದವಳಿಗೆ ಅಷ್ಟು ಕುತಂತ್ರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಬಂದದ್ದಂತೂ ಹೌದು. ನನ್ನ ಸೊಂಟ ಚಿವುಟಿಸಿದ್ದಕ್ಕೆ ಲೆಕ್ಕ ತೀರಿತು ಎನಿಸಿ ಖುಷಿಯೂ ಆಯಿತು. ಅಮ್ಮ ಮಾಶಿಮಾಗೆ ಕೈ ಮುಗಿದು, ತಲೆನೋವು ಎಂದು ಸನ್ನೆ ಮಾಡಿ ಮೇಲೆ ಬಂದಳು. ಬರುವಾಗ ಕಂಬಿ ಹಿಡಿದುಕೊಂಡೇ ಹತ್ತಿದಳು.

ಆವತ್ತು ಸಂಜೆಯೇ ಅವಳು ಹೊಟ್ಟೆ ಕಟ್ಟುವುದನ್ನು ಬಿಟ್ಟಳು. ಬೆಳಿಗ್ಗೆ ಉಳಿದಿದ್ದ ದೋಸೆ ಹಿಟ್ಟನ್ನೆಲ್ಲ ಹೊಯ್ದು, ಒಲೆಯ ಮುಂದೆ ನಿಂತೇ ತಿಂದಳು. ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಂಡಳು. ಡಾಕ್ಟರ ಹತ್ತಿರ ಹೋಗಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಗುರುವಾರ ಹೋಯಿತು, ಸಂಕಷ್ಟಿ ಹೋಯಿತು, ಸೋಮವಾರವೂ ಶನಿವಾರವೂ ಹೋದವು. ದೇವರು ತಪ್ಪು ತಿಳಿದುಕೊಳ್ಳುತ್ತಾನೋ ಎಂದು ಏಕಾದಶಿ ಮಾತ್ರ ಉಳಿಸಿಕೊಂಡಳು. ನನ್ನ ತಟ್ಟೆಗೆ ಅನ್ನ ಧಾರಾಳವಾಗಿ ಬೀಳತೊಡಗಿತು. ತಿನ್ನು, ಮೈಯಲ್ಲಿ ಶಕ್ತಿ ಬೇಕು ಎನ್ನುತ್ತಿದ್ದಳು. ಕೆಳಗೆ ಹೋಗುವುದನ್ನು ನಿಲ್ಲಿಸಿದಳು. ರೋಗ ಇದ್ದವಳೆಂದು ಅವರಿಗೆಲ್ಲ ಗೊತ್ತಾಗಿದೆ, ಹತ್ತಿರ ಕೂತರೆ ಅವರಿಗೆ ಅಸಹ್ಯ ಆಗ್ತದೆ ಎಂದಳು ಒಂದು ದಿನ. ಅದು ಹಾಗಲ್ಲ ಎಂದು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ದಿನವೂ ನಾಳೆ ಹೇಳುತ್ತೇನೆ ಎಂದುಕೊಂಡೆ. ತಿಂಗಳು ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ. ಸೆಪ್ಟೆಂಬರಿನಲ್ಲಿ ದರ್ಜಿ ಅದೇ ನಾಲ್ಕು ರವಿಕೆಗಳ ಹೊಲಿಗೆ ಬಿಚ್ಚಿಕೊಟ್ಟ.

ದುರ್ಗಾಪೂಜೆ ಮುಗಿದು ವಿಜಯದಶಮಿಯ ಸಿಹಿ ಹಂಚುವ ದಿನಗಳಲ್ಲಿ ಮಾಶಿಮಾ ತಾವೇ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಅಂಗಡಿಯಿಂದ ತಂದ, ಸಂದೇಶ ಎಂಬ ಹಾಲಿನ ಸಿಹಿಯ ಪೊಟ್ಟಣ. ಮೀನಿನ ಅಡುಗೆಮನೆಯದ್ದು ಅಮ್ಮ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅಪ್ಪ ಕಾಲಿಗೆ ನಮಸ್ಕಾರ ಮಾಡಿದರು. ಅವರು ಅಪ್ಪನ ಬೆನ್ನು ತಟ್ಟಿ, ಇವನೊಬ್ಬ ಯಾವತ್ತೂ ರೋಗಾ, ಎಷ್ಟು ತಿಂದರೂ ರೋಗಾ ಎಂದು ನಗುತ್ತ ಕಿರುಬೆರಳು ಎತ್ತಿ ತೋರಿಸಿದರು. ಅಮ್ಮ ಆ ಕಿರುಬೆರಳನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮಾಶಿಮಾ ಮಾತು ಮುಂದುವರಿಸಿ ಅಮ್ಮನ ಗಲ್ಲ ಹಿಡಿದು, ನೀನೂ ಆ ಹಸಿರು ಸೀರೆಯ ದಿನ ರೋಗಾ ಆಗಿದ್ದೆ, ದಾರುಣ್ ಕಾಣ್ತಿದ್ದೆ, ಆಮೇಲೆ ಕೆಳಗೇ ಬರಲಿಲ್ಲವಲ್ಲ ಎಂದರು. ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ತನ್ನ ಹರಕುಮುರುಕು ಹಿಂದಿಯಲ್ಲಿ ತಾನೇ ಕೇಳಿದಳು.

"ದಾರುಣ್ ಮತ್‌ಲಬ್ ಕ್ಯಾ, ದಿದಿ?"

ಮಾಶಿಮಾ ಬೆರಳುಗಳನ್ನು ಕೂಡಿಸಿ ಮುತ್ತಿಟ್ಟು, ಖೂಬ್ ಭಾಲೋ, ಖೂಬ್ ಶುಂದರ್ ಎಂದರು. ಅಷ್ಟು ಬಂಗಾಳಿಗೆ ಅನುವಾದ ಬೇಕಿರಲಿಲ್ಲ. ಅಮ್ಮ ನಕ್ಕಳು, ಅವರಿಗೆ ನೀರು ಕೊಟ್ಟಳು, ಸಂದೇಶ ತಿಂದಳು, ಬಾಗಿಲವರೆಗೆ ಹೋಗಿ ಕಳಿಸಿಬಂದಳು. ಅಪ್ಪ ಬೇರೆ ಮನೆಗಳಿಗೆ ಹೋಗಿಬರುತ್ತೇನೆಂದು ಹೊರಟರು. ಅಮ್ಮ ತಟ್ಟೆಗಳನ್ನು ತೊಳೆಯಲು ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆವತ್ತು ಅವರು ಹೇಳಿದ್ದು ನಿನಗೆ ಅರ್ಥ ಆಗಿತ್ತಾ?"

"ಆಗಿತ್ತು."

ಅವಳು ಒಂದು ತಟ್ಟೆ ತೊಳೆದು ಬೋರಲು ಹಾಕಿದಳು. ಇನ್ನೊಂದು ತಟ್ಟೆ ಎತ್ತಿಕೊಂಡಳು, ಆದರೆ ತೊಳೆಯಲಿಲ್ಲ.

"ಅವರು ಹೇಳಿದ್ದು ಹೋಗ್ಲಿ. ನಿನಗೆ ಕಣ್ಣಿತ್ತಲ್ಲ. ನಾನು ಇಳಿದದ್ದು ನಿನಗೆ ಕಾಣಲಿಲ್ವಾ?"

"ಕಂಡಿತ್ತು."

"ಹೇಗೆ ಕಾಣ್ತಿದ್ದೆ?"

"ಚೆಂದ ಕಾಣ್ತಿದ್ದೆ ಅಮ್ಮ."

ಅದು ನಿಜ. ಆ ಹಸಿರು ಸೀರೆಯಲ್ಲಿ ಅವಳಷ್ಟು ಚೆಂದದ ಹೆಂಗಸನ್ನು ಆ ಓಣಿಯಲ್ಲಿ ನಾನು ನೋಡಿರಲಿಲ್ಲ. ತೆಳ್ಳಗಾದದ್ದಕ್ಕೆ ಅಲ್ಲ, ಕಂಬಿ ಬಿಟ್ಟು, ತಲೆಯೆತ್ತಿ ಇಳಿದಳಲ್ಲ, ಅದಕ್ಕೆ. ಇದನ್ನೆಲ್ಲ ಹೇಳಲು ಆಗ ನನಗೆ ಬರಲಿಲ್ಲ. ಚೆಂದ ಎನ್ನುವ ಒಂದು ಮಾತು ಬಂತು, ನಾಲ್ಕು ತಿಂಗಳು ತಡವಾಗಿ. ಅವಳು ಕತ್ತೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನು ಹೇಳಿದ್ದನ್ನು ಇನ್ನು ನಾನು ಹೇಗೆ ನಂಬೂದು ಮಾರಾಯ್ತಿ?"

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ದೇವರಾಣೆ ಎಂದೆ. ಆಣೆ ಎಲ್ಲ ಬೇಡ ಎಂದು ತಟ್ಟೆಗೆ ನೀರು ಹೊಯ್ದಳು.

ಮರುದಿನ ನಾಲ್ಕು ಗಂಟೆಗೆ ಅಮ್ಮ ನನ್ನನ್ನು ಕರೆಯದೆ ಒಬ್ಬಳೇ ಕೆಳಗೆ ಹೋದಳು. ತಪ್ಪು ತಪ್ಪು ಮಾತಾಡುತ್ತ, ಅವರನ್ನು ನಗಿಸುತ್ತ, ಎರಡು ವರ್ಷದೊಳಗೆ ಮಾಶಿಮಾ ಜೊತೆ ಜಗಳವಾಡುವಷ್ಟು ಬಂಗಾಳಿ ಕಲಿತಳು. ಆಮೇಲೂ ಮೂವತ್ತು ವರ್ಷ ಬದುಕಿದ್ದಳು. ನನ್ನ ಜೊತೆ ಎಲ್ಲವನ್ನೂ ಮಾತಾಡುತ್ತಿದ್ದಳು, ನನ್ನ ಮದುವೆ, ಕೆಲಸ, ಅಪ್ಪನ ಶುಗರ್ ಎಲ್ಲವನ್ನೂ. ಆದರೆ ಹೊಸ ಸೀರೆ ಉಟ್ಟು ಕೋಣೆಯಿಂದ ಹೊರಗೆ ಬಂದಾಗ, ಹೇಗೆ ಕಾಣ್ತದೆ ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ ಚೆಂದ ಉಂಟು ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.